ಚರ್ಮಗಂಟು ರೋಗದ ವಂಚನೆಯೂ ಗ್ರಾಮಪ್ರಮುಖರ ಕರ್ತವ್ಯವೂ

ಸೂಪಾ ಸೀಮೆಯ ಒಕ್ಕಲುತನಕ್ಕೆ ದನಕರುಗಳೇ ಆಧಾರವೆಂಬದು ಸರ್ವರಿಗೂ ತಿಳಿದ ಮಾತು. ಹಳಿಯಾಳ ಮುಂಡಗೋಡಗಳ ಬಯಲು ಗದ್ದೆಗಳಿಗೆ ಯಂತ್ರಗಳು ಬಂದಿರುವವು, ನಿಜ. ಆದರೆ ಜೊಯಿಡಾದ ಇಳಿಜಾರಿನ ಸಣ್ಣ ಗದ್ದೆಗಳಲ್ಲಿ ಜೋಡೆತ್ತಿನ ಕೆಲಸವು ಇನ್ನೂ ತೀರಿದ್ದಲ್ಲ. ಗದ್ದೆಗಾಗಲಿ ತೋಟಕ್ಕಾಗಲಿ ಕೊಟ್ಟಿಗೆಯ ಗೊಬ್ಬರಕ್ಕೆ ಸಮನಾದ ಬೇರೊಂದು ವಸ್ತುವು ಒಕ್ಕಲಿಗನ ಕೈಗೆಟಕುವಂತಿಲ್ಲ. ಕಾಡಂಚಿನ ದಡ್ಡಿಗಳಲ್ಲಿ ವಾಸಿಸುವ ಗೌಳಿಗಳಿಗಂತೂ ಹಿಂಡೇ ಹೊಲ, ಹಿಂಡೇ ಗಂಟು. ಆದುದರಿಂದ ದನದ ರೋಗವೆಂಬದು ಈ ಸೀಮೆಯಲ್ಲಿ ಒಬ್ಬನ ಕೊಟ್ಟಿಗೆಯ ಸಂಗತಿಯಾಗಿ ಉಳಿಯದೆ ಊರಿಗೆ ಊರೇ ಚಿಂತಿಸಬೇಕಾದ ವಿಷಯವಾಗುವದು.

ಇಂಥ ಸೀಮೆಗೆ ಚರ್ಮಗಂಟು ರೋಗವು ಹೊಸ ವೈರಿಯಾಗಿ ಒದಗಿರುತ್ತದೆ. ರೋಗದ ಹೆಸರನ್ನು ಕೇಳದವರು ಈಗ ವಿರಳ. ಆದರೂ ಲಸಿಕೆಯ ಮಾತೆತ್ತಿದಾಗ ಊರ ಕಟ್ಟೆಗಳ ಮೇಲೆ ಬರುವ ಉತ್ತರಗಳು ಸಾಮಾನ್ಯವಾಗಿ ಎರಡು. “ಗಂಟು ಕಂಡ ಮೇಲೆ ನೋಡೋಣ” ಎಂಬದೊಂದು; “ಕಸುವುಳ್ಳ ದನ ತಾನೇ ರೋಗವನ್ನು ಇಳಿಸಿಕೊಳ್ಳುತ್ತದೆ” ಎಂಬದಿನ್ನೊಂದು. ಈ ಮಾತುಗಳು ಹಳೆಯ ಅನುಭವದಿಂದ ಹುಟ್ಟಿದವಾದ್ದರಿಂದ ಆಡುವವರನ್ನು ಹಳಿಯತಕ್ಕದ್ದಿಲ್ಲ. ಆದರೆ ಈ ರೋಗದ ಮಟ್ಟಿಗೆ ಇವೆರಡೂ ಸಲ್ಲವು. ಏಕೆ ಸಲ್ಲವೆಂಬದನ್ನು ತಿಳಿಯಬೇಕಾದರೆ, ಈ ರೋಗದ ವಿಷಾಣುವು ದನದ ಮೈಯೊಳಗೆ ನಡೆಸುವ ಮೋಸದ ಬಗೆಯನ್ನು ಗ್ರಾಮದ ಹಿರಿಯರು ಒಮ್ಮೆ ಅರಿತುಕೊಳ್ಳುವದು ಒಳ್ಳೆಯದು. ಕಾರಣವನ್ನು ಅರಿತು ಮಾಡಿದ ಕೆಲಸವು ಅಪ್ಪಣೆಗಾಗಿ ಮಾಡಿದ ಕೆಲಸಕ್ಕಿಂತ ದೃಢವಾಗಿರುವದು.

ರೋಗದ ಪೂರ್ವವೃತ್ತಾಂತ

ಈ ರೋಗವು ಮೊದಲು ಕಂಡದ್ದು 1929ರಲ್ಲಿ, ಆಫ್ರಿಕಾ ಖಂಡದ ಉತ್ತರ ರೊಡೇಸಿಯಾದಲ್ಲಿ. ಆ ದೇಶಕ್ಕೆ ಇಂದು ಜಾಂಬಿಯಾ ಎಂದು ಹೆಸರು. ಆಗ ಅಲ್ಲಿಯವರು ಇದನ್ನು ವಿಷದ ಗಿಡ ತಿಂದದ್ದರ ಫಲವೆಂದೋ ಹುಳಹುಪ್ಪಟೆ ಕಚ್ಚಿದ್ದರ ಬಾವೆಂದೋ ಭಾವಿಸಿದರು. ಇದು ದನದಿಂದ ದನಕ್ಕೆ ಹಬ್ಬುವ ರೋಗವೆಂದು ಗೊತ್ತಾಗುವ ಹೊತ್ತಿಗೆ ಹಲವು ವರ್ಷಗಳು ಕಳೆದಿದ್ದವು. 1944ರಿಂದ 1949ರ ವರೆಗೆ ದಕ್ಷಿಣ ಆಫ್ರಿಕಾದಲ್ಲಿ ಸುಮಾರು 80 ಲಕ್ಷ ದನಗಳಿಗೆ ಇದು ತಗಲಿತು. ಭಾರತದಲ್ಲಿ ಮೊದಲು ತಲೆದೋರಿದ್ದು 2019ರಲ್ಲಿ, ಒಡಿಶಾ ಪ್ರಾಂತದಲ್ಲಿ. 2022ರಲ್ಲಿ ದೇಶದ ಬಹುಭಾಗದಲ್ಲಿ ಹಬ್ಬಿ ಒಂದು ಲಕ್ಷಕ್ಕೂ ಮಿಕ್ಕಿ ದನಗಳನ್ನು ಕೊಂದಿತು. ಆ ವರ್ಷ ಕರ್ನಾಟಕದಲ್ಲಿ ಹಾವೇರಿ, ಧಾರವಾಡ ಮೊದಲಾದ ಜಿಲ್ಲೆಗಳು, ಅಂದರೆ ಹಳಿಯಾಳ ಮುಂಡಗೋಡಗಳ ಗಡಿಗೆ ಹೊಂದಿದ ಜಿಲ್ಲೆಗಳೇ, ಬಹಳ ತೊಂದರೆಪಟ್ಟವು. ದನದ ಸಂತೆ ಜಾತ್ರೆಗಳನ್ನು ಸರಕಾರವು ನಿಲ್ಲಿಸಬೇಕಾಯಿತು.

ರೋಗದ ಲಕ್ಷಣಗಳು ಸ್ಪಷ್ಟವಾದವು. ಮೊದಲು ಜ್ವರ, ಕಣ್ಣುಮೂಗುಗಳಿಂದ ನೀರು, ಮೇವಿನ ಬೇಸರ, ಹಾಲಿನ ಇಳಿತ. ಬಳಿಕ ಮೈಯೆಲ್ಲ ಗಟ್ಟಿಯಾದ ದುಂಡು ಗಂಟುಗಳು, ಕಾಲುಗಳ ಬಾವು. ಗಂಟುಗಳು ಒಡೆದರೆ ಹುಣ್ಣಾಗಿ ಹುಳ ಬೀಳುವದುಂಟು. ಸಾಯುವವುಗಳ ಪ್ರಮಾಣವು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆದರೆ ಉಳಿದ ಎತ್ತು ಹೂಡುವ ಕಾಲಕ್ಕೆ ಏಳಲಾರದು, ಉಳಿದ ಆಕಳು ಹಿಂದಿನಷ್ಟು ಹಾಲು ಕೊಡಲಾರದು, ಗಬ್ಬದ ದನ ಕಂದು ಹಾಕಬಹುದು. ಸತ್ತ ದನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದವನು ನಷ್ಟದ ಅರ್ಧವನ್ನೂ ಎಣಿಸಿದಂತಾಗುವದಿಲ್ಲ.

ರೋಗವನ್ನು ಊರಿಂದೂರಿಗೆ ಒಯ್ಯುವವರು ಇಬ್ಬರು. ಹತ್ತಿರದ ಕೊಟ್ಟಿಗೆಗಳಿಗೆ ಒಯ್ಯುವದು ರಕ್ತ ಹೀರುವ ನೊಣ, ಸೊಳ್ಳೆ, ಉಣ್ಣಿಗಳು. ದೂರದ ಊರುಗಳಿಗೆ ಒಯ್ಯುವವನು ದನ ಮಾರುವ ಮತ್ತು ಕೊಳ್ಳುವ ಮನುಷ್ಯನು. ಒಣಗಿ ಉದುರಿದ ಹಕ್ಕಳೆಯಲ್ಲಿ ಸಹ ವಿಷಾಣುವು ತಿಂಗಳಿಗೂ ಮಿಕ್ಕಿ ಜೀವ ಹಿಡಿದಿರಬಲ್ಲದು. ಮನುಷ್ಯರಿಗೆ ಈ ರೋಗವು ಅಂಟುವದಿಲ್ಲ. ಹಾಲನ್ನು ಕಾಯಿಸಿ ಕುಡಿಯಲು ಅಂಜಬೇಕಾದದ್ದಿಲ್ಲ. ಎಮ್ಮೆಗಳಿಗೆ ಇದು ಆಕಳು ಎತ್ತುಗಳಿಗಿಂತ ಕಡಿಮೆ ತಗಲುವದಾದರೂ, ತಗಲುವದೇ ಇಲ್ಲವೆಂದು ಗೌಳಿಗಳು ನಿಶ್ಚಿಂತರಾಗಿರತಕ್ಕದ್ದಲ್ಲ.

ಮೈಯೊಳಗಿನ ಡಂಗುರ

ದನದ ಮೈಯೆಂಬದು ಅಸಂಖ್ಯ ಸೂಕ್ಷ್ಮ ಕೋಶಗಳ ದೊಡ್ಡದೊಂದು ಗ್ರಾಮವಿದ್ದಂತೆ. ಗ್ರಾಮದಲ್ಲಿ ಬೆಂಕಿ ಬಿದ್ದರೆ ಡಂಗುರ ಹೊಡೆದು ಎಲ್ಲರನ್ನೂ ಎಬ್ಬಿಸುವ ಪದ್ಧತಿಯಿದ್ದಂತೆ, ಮೈಯಲ್ಲಿಯೂ ಇದೆ. ವಿಷಾಣುವು ಒಂದು ಕೋಶವನ್ನು ಹೊಕ್ಕೊಡನೆ ಆ ಕೋಶವು ಕೆಲವು ಸಸಾರಜನಕ ವಸ್ತುಗಳನ್ನು, ಅಂದರೆ ಪ್ರೋಟೀನುಗಳನ್ನು, ಹೊರಗೆ ಬಿಡುವದು. ಇವು ಸುದ್ದಿ ಒಯ್ಯುವ ದೂತರು. ವಿಜ್ಞಾನಿಗಳು ಇವಕ್ಕೆ ಸೈಟೊಕೈನ್‌ಗಳೆಂದು ಹೆಸರಿಟ್ಟಿದ್ದಾರೆ. ಪ್ರತಿಯೊಂದು ದೂತನನ್ನು ಬರಮಾಡಿಕೊಳ್ಳಲು ಇತರ ಕೋಶಗಳ ಹೊರಮೈಯಲ್ಲಿ ಅದಕ್ಕೆ ತಕ್ಕ ಗ್ರಾಹಕಗಳು, ಕೀಲಿಗೆ ಬೀಗವಿದ್ದಂತೆ, ಅಳವಟ್ಟಿರುವವು. ದೂತನು ಗ್ರಾಹಕವನ್ನು ಮುಟ್ಟಿದರೇ ಸುದ್ದಿ ಮುಟ್ಟಿತು, ಮುಟ್ಟದಿದ್ದರೆ ಇಲ್ಲ.

ಈ ದೂತರಲ್ಲಿ ಹಲವು ಜಾತಿಗಳುಂಟು. 1957ರಲ್ಲಿ ಕಂಡುಹಿಡಿಯಲ್ಪಟ್ಟ ಇಂಟರ್‌ಫೆರಾನ್ ಎಂಬದು ನೆರೆಯ ಕೋಶಗಳಿಗೆ “ಬಾಗಿಲು ಭದ್ರ ಮಾಡಿಕೊಳ್ಳಿರಿ” ಎಂದು ಸಾರುವದು. ಇಂಟರ್‌ಲ್ಯೂಕಿನ್-1 ಎಂಬದು ಜ್ವರವನ್ನೂ ಬಾವನ್ನೂ ಎಬ್ಬಿಸಿ ಹೋರಾಟಕ್ಕೆ ಮೈಯನ್ನು ಅಣಿಗೊಳಿಸುವದು. ಕೀಮೊಕೈನ್‌ಗಳೆಂಬವು ರಕ್ತದಲ್ಲಿರುವ ಬಿಳಿಯ ಕಣಗಳೆಂಬ ಕಾಳಗದವರನ್ನು ರೋಗ ಬಿದ್ದ ಸ್ಥಳಕ್ಕೆ ಕರೆತರುವವು. ಇವೆಲ್ಲಕ್ಕೂ ವಿರುದ್ಧವಾದ ಇಂಟರ್‌ಲ್ಯೂಕಿನ್-10 ಎಂಬದೊಂದಿದೆ. ಅದು “ಇನ್ನು ಸಾಕು, ಶಾಂತರಾಗಿರಿ” ಎಂದು ಹೇಳುವದು. ಈ ಶಾಂತಿಯ ಸುದ್ದಿಯೂ ಅವಶ್ಯವಾದದ್ದೇ. ಯಾಕೆಂದರೆ ಹೋರಾಟವು ಮಿತಿಮೀರಿದರೆ ಮೈಯು ತನ್ನನ್ನು ತಾನೇ ಸುಟ್ಟುಕೊಳ್ಳುವದು.

ವಿಷಾಣುವು ಮಾಡುವ ವೇಷ

ಚರ್ಮಗಂಟಿನ ವಿಷಾಣುವು ಮನುಷ್ಯರ ಸಿಡುಬಿನ ವಿಷಾಣುವು ಸೇರಿದ ಕುಲಕ್ಕೆ ಸೇರಿದ್ದು; ಕುರಿಯ ಸಿಡುಬು, ಆಡಿನ ಸಿಡುಬುಗಳು ಇದರ ಒಡಹುಟ್ಟುಗಳು. ಈ ಕುಲದ ವಿಷಾಣುಗಳು ಇತರ ವಿಷಾಣುಗಳಿಗಿಂತ ಗಾತ್ರದಲ್ಲಿ ದೊಡ್ಡವು, ಮತ್ತು ಒಂದು ವಿಚಿತ್ರ ವಿದ್ಯೆಯಲ್ಲಿ ನಿಪುಣವಾದವು. ಬಹು ಪೂರ್ವಕಾಲದಲ್ಲಿ ಇವು ತಾವು ವಾಸಿಸಿದ ಪ್ರಾಣಿಗಳಿಂದಲೇ ದೂತರನ್ನೂ ಗ್ರಾಹಕಗಳನ್ನೂ ತಯಾರಿಸುವ ಜೀನುಗಳನ್ನು ಕದ್ದು ತಮ್ಮಲ್ಲಿ ಸೇರಿಸಿಕೊಂಡಿವೆ. ಕದ್ದ ಮೇಲೆ ಅವನ್ನು ತಮ್ಮ ಪ್ರಯೋಜನಕ್ಕೆ ತಕ್ಕಂತೆ ತಿದ್ದಿಕೊಂಡಿವೆ.

ಈ ವೇಷವು ಮುಖ್ಯವಾಗಿ ಮೂರು ವಿಧ. ಒಂದನೆಯದು, ಸುಳ್ಳು ಡಂಗುರ. ವಿಷಾಣುವು ಇಂಟರ್‌ಲ್ಯೂಕಿನ್-10ನ್ನು ಹೋಲುವ ವಸ್ತುವನ್ನು ತಾನೇ ತಯಾರಿಸಿ ಹೊರಬಿಡುವದು; ಬೆಂಕಿ ಉರಿಯುತ್ತಿರುವಾಗಲೇ “ಶಾಂತರಾಗಿರಿ” ಎಂಬ ಸುದ್ದಿ ಮೈಯಲ್ಲಿ ಹಬ್ಬುವದು. ಎರಡನೆಯದು, ಸುಳ್ಳು ಗ್ರಾಹಕ. ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-1 ಮೊದಲಾದ ನಿಜವಾದ ದೂತರನ್ನು ಹಿಡಿಯಬಲ್ಲ ಪೊಳ್ಳು ಗ್ರಾಹಕಗಳನ್ನು ಅದು ಹೊರಗೆ ತೇಲಿಬಿಡುವದು. ದೂತನು ದಾರಿಯಲ್ಲಿಯೇ ಸೆರೆಯಾಗುವದರಿಂದ ಸುದ್ದಿಯು ಮನೆ ಮುಟ್ಟುವದಿಲ್ಲ. ಮೂರನೆಯದು, ಸುಳ್ಳು ಬೆಳವಣಿಗೆಯ ಅಪ್ಪಣೆ. ಚರ್ಮದ ಕೋಶಗಳು ಬೆಳೆಯಲೆಂದು ಮೈಯೇ ಕೊಡುವ ಸೂಚನೆಯನ್ನು ಹೋಲುವ ವಸ್ತುವನ್ನು ಅದು ಹೊರಡಿಸುವದು. ಬೆಳೆಯುವ ಕೋಶಗಳು ವಿಷಾಣುವಿಗೆ ಹದಮಾಡಿದ ಹೊಲವಾಗುವವು. ಇಂಥ ಅನುಕರಣೆಯು ಸಿಡುಬು ತಡೆಯಲು ಬಳಸುತ್ತಿದ್ದ ವ್ಯಾಕ್ಸಿನಿಯಾ ವಿಷಾಣುವಿನಲ್ಲಿ 1985ರಲ್ಲಿಯೇ ಗೊತ್ತಾಗಿತ್ತು.

2001ರಲ್ಲಿ ಚರ್ಮಗಂಟಿನ ವಿಷಾಣುವಿನ ಜೀನುಗಳ ಪೂರ್ಣ ಪಟ್ಟಿಯು ಸಿದ್ಧವಾಯಿತು. ಅದರಲ್ಲಿ 156 ಜೀನುಗಳು ಎಣಿಕೆಗೆ ಬಂದವು. ಇಂಟರ್‌ಲ್ಯೂಕಿನ್-10ನ್ನು ಹೋಲುವದೊಂದು, ಇಂಟರ್‌ಲ್ಯೂಕಿನ್-1ನ್ನು ಹಿಡಿಯುವಂಥವು, ಕೀಮೊಕೈನ್ ಗ್ರಾಹಕವನ್ನು ಹೋಲುವದೊಂದು, ಚರ್ಮದ ಬೆಳವಣಿಗೆಯ ಸೂಚಕವನ್ನು ಹೋಲುವದೊಂದು, ಹೀಗೆ ವೇಷಧಾರಿ ಜೀನುಗಳು ಆ ಪಟ್ಟಿಯಲ್ಲಿ ಕಂಡುಬಂದವು. ಅವನ್ನು ಗುರುತಿಸಿದ್ದು ರಚನೆಯ ಹೋಲಿಕೆಯಿಂದ. ಅವು ಮಾಡುವ ಕೆಲಸದ ಪುರಾವೆಯು ಹೆಚ್ಚಾಗಿ ಇದೇ ಕುಲದ ಇತರ ವಿಷಾಣುಗಳ ಪರೀಕ್ಷೆಯಿಂದ ದೊರೆತಿರುತ್ತದೆ.

ಆ ಪುರಾವೆಗಳಲ್ಲಿ ಮೊಲದ್ದು ಪ್ರಸಿದ್ಧವಾದದ್ದು. ಆಸ್ಟ್ರೇಲಿಯಾದಲ್ಲಿ ಮೊಲಗಳ ಹಾವಳಿಯನ್ನು ತಗ್ಗಿಸಲು 1950ರಲ್ಲಿ ಮಿಕ್ಸೋಮಾ ಎಂಬ ವಿಷಾಣುವನ್ನು ಹೊರಬಿಟ್ಟರು. ಮೊದಲಿಗೆ ಅದು ತಗಲಿದ ಮೊಲಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಅದೂ ಸಿಡುಬಿನ ಕುಲದ್ದೇ. ಆ ವಿಷಾಣುವು ಇಂಟರ್‌ಫೆರಾನಿನ ಸುಳ್ಳು ಗ್ರಾಹಕವನ್ನು ತಯಾರಿಸುವದೆಂದು 1992ರಲ್ಲಿ ಗೊತ್ತಾಯಿತು. ಬಳಿಕ ವಿಜ್ಞಾನಿಗಳು ಆ ಒಂದು ಜೀನನ್ನು ಕೆಡಿಸಿದ ವಿಷಾಣುವನ್ನು ಮೊಲಗಳಿಗೆ ಹಾಕಿ ನೋಡಿದಾಗ ರೋಗದ ಉಗ್ರತೆಯು ಬಹಳ ಕುಗ್ಗಿತು. ವಿಷಾಣುವಿನ ಉಳಿದೆಲ್ಲ ಸಲಕರಣೆಗಳು ಹಾಗೆಯೇ ಇದ್ದವು, ಕಳಚಿದ್ದು ವೇಷವೊಂದೇ. ಕೊಲ್ಲುವ ಬಲವು ಬಹುಮಟ್ಟಿಗೆ ಆ ವೇಷದಲ್ಲಿಯೇ ಇತ್ತೆಂಬದು ಇದರಿಂದ ಸಿದ್ಧವಾಗುವದು. ಚರ್ಮಗಂಟಿನ ವಿಷಾಣುವಿನಿಂದಲೂ ಇಂಥ ಜೀನುಗಳನ್ನು ಕಿತ್ತು, ಹಾಗೆ ಸಾಧುಗೊಳಿಸಿದ್ದನ್ನು ಲಸಿಕೆಯಾಗಿ ಬಳಸುವ ಪರೀಕ್ಷೆಗಳು ಆಫ್ರಿಕಾದಲ್ಲಿ ನಡೆದಿರುತ್ತವೆ.

ಆಡು ಕುರಿ ಸಾಕುವವರ ಕಣ್ಣಿಗೆ ಬಿದ್ದಿರಬಹುದಾದ ಉದಾಹರಣೆಯೂ ಒಂದಿದೆ. ಮರಿಗಳ ತುಟಿಯ ಮೇಲೆ ಹಕ್ಕಳೆಗಟ್ಟುವ, ಕೆಲವೊಮ್ಮೆ ಸಾಕುವವನ ಕೈಬೆರಳಿಗೂ ಅಂಟುವ, ಓರ್ಫ್ ಎಂಬ ಬಾಯಿಹುಣ್ಣಿನ ವಿಷಾಣುವು ಇಂಟರ್‌ಲ್ಯೂಕಿನ್-10ರ ನಕಲನ್ನು ಇಟ್ಟುಕೊಂಡಿದೆಯೆಂದು 1997ರಲ್ಲಿ ಪ್ರಕಟವಾಯಿತು. ಒಮ್ಮೆ ಗುಣವಾದ ಕುರಿಗೆ ಅದೇ ರೋಗವು ಮತ್ತೆ ಮತ್ತೆ ಬರುವದನ್ನು ಕುರುಬರು ಬಲ್ಲರು. ಮೈಗೆ ನೆನಪು ಚೆನ್ನಾಗಿ ನೆಲೆಯೂರದಂತೆ ಮಾಡುವದರಲ್ಲಿ ಇಂಥ ಸುಳ್ಳು ದೂತರ ಕೈವಾಡವಿದೆಯೆಂದು ತಜ್ಞರ ಅಭಿಪ್ರಾಯ.

ಕಾಡಿನ ಸೀಮೆಗೆ ಪರಿಚಿತವಾದ ಇನ್ನೊಂದು ವಿಷಾಣುವನ್ನೂ ಇಲ್ಲಿ ನೆನೆಯಬಹುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ವಿಷಾಣುವು ಬಹು ಚಿಕ್ಕದು; ಕದ್ದ ಜೀನುಗಳನ್ನು ಹೊರುವ ಸ್ಥಳವು ಅದಕ್ಕಿಲ್ಲ. ಅದು ಕೋಶದೊಳಗೇ ಕುಳಿತು, ಇಂಟರ್‌ಫೆರಾನ್ ತಂದ ಸುದ್ದಿಯು ಮುಂದೆ ಸಾಗದಂತೆ ಅಡ್ಡಗಟ್ಟುವದು. ದಾರಿ ಬೇರೆಯಾದರೂ ಉದ್ದೇಶವು ಒಂದೇ: ಎಚ್ಚರಿಕೆಯ ಸುದ್ದಿಯನ್ನು ಕೆಡಿಸುವದು.

ಇದರಿಂದ ತಿಳಿಯತಕ್ಕದ್ದೇನು

ಮೊದಲನೆಯದಾಗಿ, “ಕಸುವುಳ್ಳ ದನ ತಾನೇ ಇಳಿಸಿಕೊಳ್ಳುತ್ತದೆ” ಎಂಬ ಮಾತಿನ ತಪ್ಪು ಎಲ್ಲಿದೆಯೆಂಬದು ತಿಳಿಯುವದು. ದನದಲ್ಲಿ ಕಸುವಿಲ್ಲವೆಂದಲ್ಲ, ಬಹಳಷ್ಟು ದನಗಳು ಕೊನೆಗೆ ಗುಣವಾಗುವದೂ ನಿಜ. ಆದರೆ ಕಸುವು ಎಷ್ಟೇ ಇದ್ದರೂ ಅದನ್ನು ಎಬ್ಬಿಸುವ ಸುದ್ದಿಯೇ ಕೆಟ್ಟರೆ ಕಾಳಗದವರು ತಡವಾಗಿ ಹೊರಡುವರು. ಆ ತಡವೇ ವಿಷಾಣುವಿನ ಲಾಭ. ಆ ದಿನಗಳಲ್ಲಿ ಅದು ಚರ್ಮದಲ್ಲಿ ಬೆಳೆದು, ಕಚ್ಚಿದ ನೊಣದ ಬಾಯಿಗೆ ಅಂಟಿಕೊಂಡು ಮುಂದಿನ ಕೊಟ್ಟಿಗೆಗೆ ಹೊರಟುಹೋಗಿರುವದು.

ಎರಡನೆಯದಾಗಿ, “ಗಂಟು ಕಂಡ ಮೇಲೆ” ಎಂಬ ಮಾತು. ವಿಷಾಣುವು ಮೈ ಹೊಕ್ಕ ಮೇಲೆ ಗಂಟು ಏಳುವದಕ್ಕೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳು ಹಿಡಿಯುವವು. ಆ ವಾರಗಳಲ್ಲಿ ದನವನ್ನು ಸಂತೆಗೆ ಹೊಡೆದರೆ ಕೊಂಡವನು ನುಣುಪಾದ ಮೈಯನ್ನು ಕಂಡು ಕೊಳ್ಳುವನು. ಗಂಟು ಏಳುವದು ಅವನ ಊರಿನಲ್ಲಿ. ಗಂಟೆದ್ದ ಮೇಲೆ ವಿಷಾಣುವನ್ನೇ ಕೊಲ್ಲುವ ಔಷಧವಿಲ್ಲ. ಆಗ ಕೊಡುವ ಚುಚ್ಚುಮದ್ದುಗಳು ಹುಣ್ಣು ಕೊಳೆಯದಂತೆ, ಜ್ವರ ಏರದಂತೆ ನೋಡಿಕೊಳ್ಳುವದಕ್ಕೆ ಮಾತ್ರ. ವೀಳ್ಯದೆಲೆ, ಮೆಣಸಿನಕಾಳು, ಉಪ್ಪು, ಬೆಲ್ಲಗಳ ಉಂಡೆಯನ್ನು ತಿನ್ನಿಸುವದೂ ಬೇವಿನ ಎಣ್ಣೆ ಹಚ್ಚುವದೂ ಆರೈಕೆಯ ಕೆಲಸಗಳು. ಅವನ್ನು ಮಾಡಬಾರದೆಂದಲ್ಲ, ಲಸಿಕೆಯ ಬದಲಿಗೆ ಮಾಡಬಾರದು.

ಮೂರನೆಯದಾಗಿ, ಲಸಿಕೆಯ ಬೆಲೆಯು ಇಲ್ಲಿಯೇ ಗೊತ್ತಾಗುವದು. ವಿಷಾಣುವಿನ ಮೋಸವು ಮೈಗೆ ಪರಿಚಯವಿಲ್ಲದ ಮೊದಲ ದಿನಗಳಲ್ಲಿ ಹೆಚ್ಚು ಫಲಿಸುವದು. ಸಾಧುಗೊಳಿಸಿದ ವಿಷಾಣುವನ್ನು ಮುಂಚಿತವಾಗಿಯೇ ಮೈಗೆ ತೋರಿಸಿದ್ದರೆ, ವೈರಿಯ ಗುರುತು ಹಿಡಿಯಬಲ್ಲ ಕಾಳಗದವರು ಕಾದುಕೊಂಡಿರುವರು. ಅವರು ಡಂಗುರಕ್ಕಾಗಿ ಅಷ್ಟಾಗಿ ಕಾಯಬೇಕಾದದ್ದಿಲ್ಲ. ಸುಳ್ಳು ಸುದ್ದಿ ಹಬ್ಬುವ ಮುಂಚೆಯೇ ಕೆಲಸ ಮುಗಿದಿರುವದು.

ಲಸಿಕೆಯ ವಿಷಯದಲ್ಲಿಯ ಆಕ್ಷೇಪಗಳು

ಲಸಿಕೆಗೆ ಹೇಳುವ ಆಕ್ಷೇಪಗಳಿಗೆ ಉತ್ತರ ಕೊಡದೆ ಮುಂದೆ ಹೋಗುವದು ನ್ಯಾಯವಲ್ಲ. ಲಸಿಕೆ ಹಾಕಿದ ಮೇಲೆ ಹಾಲು ಇಳಿಯಿತು, ಜ್ವರ ಬಂತು, ಚುಚ್ಚಿದಲ್ಲಿ ಬಾವೆದ್ದಿತು ಎಂದು ಕೆಲವರು ದೂರುವರು. ಜೀವಂತ ಲಸಿಕೆಯಿಂದ ಕೆಲವು ದನಗಳಲ್ಲಿ ಹೀಗಾಗುವದುಂಟು. ಅದು ಕೆಲವೇ ದಿನಗಳ ಮಾತು. ಲಸಿಕೆ ಹಾಕಿದ್ದರೂ ರೋಗ ಬಂತೆಂಬದು ಇನ್ನೊಂದು ದೂರು. ಲಸಿಕೆಯ ಬಲವು ಪೂರ್ಣವಾಗಿ ಬರಲು ಸುಮಾರು ಮೂರು ವಾರ ಬೇಕು. ಊರಿಗೆ ರೋಗ ಬಂದ ಮೇಲೆ ಹಾಕಿಸಿದರೆ, ಆಗಲೇ ವಿಷಾಣುವು ಹೊಕ್ಕಿದ್ದ ದನಗಳಲ್ಲಿ ರೋಗವು ಕಾಣಿಸಿಕೊಳ್ಳುವದು. ಅದು ಲಸಿಕೆಯ ದೋಷವಲ್ಲ, ತಡದ ದೋಷವು.

ಆಡಿನ ಲಸಿಕೆಯು ಆಕಳಿಗೆ ಹೇಗೆ ಸಲ್ಲುವದೆಂಬದು ಮೂರನೆಯ ಪ್ರಶ್ನೆ. ಆಡಿನ ಸಿಡುಬಿನ ವಿಷಾಣುವು ಚರ್ಮಗಂಟಿನ ವಿಷಾಣುವಿಗೆ ಅತಿ ಸಮೀಪದ ಬಂಧುವಾದ್ದರಿಂದ ಒಂದರ ಪರಿಚಯವು ಇನ್ನೊಂದನ್ನು ಗುರುತಿಸಲು ನೆರವಾಗುವದು. 2022ರಲ್ಲಿ ದೇಶವು ಬಹುಮಟ್ಟಿಗೆ ಇದನ್ನೇ ಬಳಸಿತು. ಸ್ವಂತ ವಿಷಾಣುವಿನಿಂದ ಮಾಡಿದ ಲಸಿಕೆಯು ಇನ್ನೂ ಮೇಲು. ಹಿಸಾರದ ಕುದುರೆ ಸಂಶೋಧನ ಕೇಂದ್ರ ಮತ್ತು ಇಜ್ಜತ್‌ನಗರದ ಪಶುವೈದ್ಯ ಸಂಶೋಧನ ಸಂಸ್ಥೆಗಳು ಕೂಡಿ ಸಿದ್ಧಪಡಿಸಿದ ಅಂಥ ಲಸಿಕೆಯನ್ನು 2022ರ ಆಗಸ್ಟ್ 10ರಂದು ಹೊರತಂದರು. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ತಯಾರಾಗುವ ಇನ್ನೊಂದು ಲಸಿಕೆಗೆ 2025ರ ಫೆಬ್ರವರಿಯಲ್ಲಿ ಪರವಾನಿಗೆ ದೊರೆಯಿತು.

ಲಸಿಕೆಯಿಂದ ಈ ರೋಗವನ್ನು ನಿಲ್ಲಿಸಬಹುದೇ ಎಂಬದಕ್ಕೆ ಯುರೋಪಿನ ಆಗ್ನೇಯ ಭಾಗದ ದೇಶಗಳು ಸಾಕ್ಷಿಯಾಗಿವೆ. ಅಲ್ಲಿ 2016ರಲ್ಲಿ 7,483 ಕಡೆ ರೋಗವು ಎದ್ದಿತ್ತು. ಗ್ರೀಸ್, ಬಲ್ಗೇರಿಯಾ ಮೊದಲಾದ ದೇಶಗಳು ಸೀಮೆಗೆ ಸೀಮೆಯನ್ನೇ ಹಿಡಿದು ದನಗಳಿಗೆಲ್ಲ ಲಸಿಕೆ ಹಾಕಿಸಿದ ಬಳಿಕ, 2017ರಲ್ಲಿ ಅದು 385ಕ್ಕೆ ಇಳಿಯಿತು. ಅಷ್ಟು ದೂರ ಹೋಗುವದೇಕೆ? ಹಿರಿಯರು ನಡುಗುತ್ತ ನೆನೆಯುತ್ತಿದ್ದ ದೊಡ್ಡರೋಗವು ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿತ್ತು. ಊರೂರಿಗೆ ಲಸಿಕೆ ಹಾಕಿದ್ದರಿಂದ ಅದು ಭಾರತದಿಂದ ತೊಲಗಿ, 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಇಂದಿನ ತರುಣ ಒಕ್ಕಲಿಗನಿಗೆ ಅದರ ಹೆಸರೂ ತಿಳಿಯದಿರುವದೇ ಲಸಿಕೆಯ ಗೆಲುವಿಗೆ ಗುರುತು.

ಈ ಸೀಮೆಯ ವಿಶೇಷ ಕಷ್ಟಗಳು

ಆದರೆ ಸೂಪಾ ಸೀಮೆಯು ಬಯಲು ಸೀಮೆಯಂಥದಲ್ಲ. ಕಾಳೀನದಿಯ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿ ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಹೋದವು. ಮಜರೆಗಳು ಮಾತ್ರ ಕಾಡಿನೊಳಗೆ ಅಲ್ಲಲ್ಲಿ ಚದರಿಯೇ ಇವೆ. ಮಳೆ ಹಿಡಿದ ಮೇಲೆ ಹಳ್ಳ ತುಂಬಿ ದಾರಿ ನಿಲ್ಲುವದು. ನೊಣ ಸೊಳ್ಳೆಗಳು ಹೆಚ್ಚುವದೂ ಅದೇ ಕಾಲಕ್ಕೆ. ಆದುದರಿಂದ ಇಲ್ಲಿ ಲಸಿಕೆಯು ಮಳೆಗಾಲಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಎಲ್ಲ ಮಜರೆಗಳನ್ನೂ ಮುಟ್ಟಬೇಕು. ಬಯಲು ತಾಲೂಕುಗಳ ಸರದಿ ಮುಗಿದ ಮೇಲೆ ಕಾಡಿನ ತಾಲೂಕುಗಳಿಗೆ ಎಂಬ ಕ್ರಮವು ಇಲ್ಲಿಗೆ ಹೊಂದುವದಿಲ್ಲ. ಲಸಿಕೆಯೇ ಬಾರದಿದ್ದ ಊರಿನಲ್ಲಿ ರೋಗ ಬಿದ್ದರೆ ಅದರ ಹೊಣೆಯನ್ನು ಒಕ್ಕಲಿಗನ ಅಜ್ಞಾನದ ಮೇಲೆ ಹೊರಿಸುವದು ಅನ್ಯಾಯವು. ಸರಕಾರದ ಕಡೆಯ ಕರ್ತವ್ಯವನ್ನು ಹೀಗೆ ಸ್ಪಷ್ಟವಾಗಿ ಹೇಳಿದ ಮೇಲೆಯೇ ಊರಿನವರ ಕರ್ತವ್ಯವನ್ನು ಹೇಳುವ ಅಧಿಕಾರ ಬರುವದು.

ಗೌಳಿಗಳ ಹಿಂಡುಗಳೂ ಒಕ್ಕಲಿಗರ ದನಗಳೂ ಒಂದೇ ಕಾಡಿನಲ್ಲಿ ಮೇಯುವವು, ಒಂದೇ ಹಳ್ಳದಲ್ಲಿ ನೀರು ಕುಡಿಯುವವು. ಜಮೀನುದಾರನು ತನ್ನ ಹತ್ತು ದನಗಳಿಗೆ ಲಸಿಕೆ ಹಾಕಿಸಿ, ಗುಡ್ಡದಾಚೆಯ ದಡ್ಡಿಗೆ ಸುದ್ದಿಯನ್ನೇ ಕಳಿಸದಿದ್ದರೆ ಅವನ ಜಾಣತನವು ಅರ್ಧವೇ ಆಯಿತು. ನೊಣಕ್ಕೆ ಜಮೀನಿನ ಮೇರೆಯು ತಿಳಿಯದು.

ಎಲ್ಲಕ್ಕಿಂತ ಕಠಿಣವಾದ ಕಷ್ಟವು ರೋಗವನ್ನು ಮುಚ್ಚಿಡುವದು. ಒಂದೇ ಆಕಳಿರುವ ಬಡವನು ಮೊದಲ ಗಂಟನ್ನು ಕಂಡಾಗ ಬಾಯಿ ಬಿಡಲು ಅಂಜುವನು. ಹೇಳಿದರೆ ಡೇರಿಯಲ್ಲಿ ಹಾಲು ನಿಂತೀತು, ದನವನ್ನು ಊರಾಚೆ ಕಟ್ಟೆಂದಾರು, ಅಲ್ಲಿ ಅದಕ್ಕೆ ಮೇವು ನೀರು ಹೊರುವವರಾರು? ಆದ್ದರಿಂದ “ಉಷ್ಣದ ಗುಳ್ಳೆ, ಇಳಿಯುತ್ತದೆ” ಎಂದು ಸುಮ್ಮನಾಗುವನು. ಮೈಯೊಳಗೆ ವಿಷಾಣುವು ಹಬ್ಬಿಸುವ ಸುದ್ದಿಯೂ ಇದೇ ಜಾತಿಯದು. ಗಂಟೆದ್ದ ದನವೇ ನೊಣಗಳ ಮೂಲಕ ರೋಗವನ್ನು ಅತಿ ಹೆಚ್ಚಾಗಿ ಹರಡುವದೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ಆದಕಾರಣ ಮೊದಲ ಗಂಟಿನ ದಿನ ಹೊರಬಿದ್ದ ಒಂದು ಮಾತು ಊರಿನ ನೂರು ದನಗಳನ್ನು ಕಾಯಬಲ್ಲದು. ಆ ಮಾತು ಆಡಿದವನಿಗೆ ದಂಡವಾಗದಂತೆ ನೋಡಿಕೊಳ್ಳುವದು ಊರ ಹಿರಿಯರ ಕೈಯಲ್ಲಿದೆ.

ಗ್ರಾಮಪ್ರಮುಖರು ಮಾಡತಕ್ಕದ್ದು

ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗ್ಗೆ 2009ರಲ್ಲಿ ಕೇಂದ್ರ ಸರಕಾರವು ಮಾಡಿದ ಕಾಯಿದೆಯ ಪ್ರಕಾರ, ಪಟ್ಟಿಯಲ್ಲಿಯ ರೋಗದ ಸಂಶಯ ಬಂದೊಡನೆ ದನದ ಯಜಮಾನನು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯತಿಗೆ ತಿಳಿಸತಕ್ಕದ್ದು, ಮತ್ತು ರೋಗದ ದನವನ್ನು ಬೇರೆ ಕಟ್ಟತಕ್ಕದ್ದು. ಸುದ್ದಿಯನ್ನು ಪಶುವೈದ್ಯರಿಗೆ ಮುಟ್ಟಿಸುವದು ಗ್ರಾಮದವರ ಕೆಲಸ. ಕಾಯಿದೆಯು ಇಷ್ಟನ್ನು ಹೇಳಿ ನಿಲ್ಲುವದು. ಅದನ್ನು ನಡೆಯುವಂತೆ ಮಾಡುವದಕ್ಕೆ ಊರಿನ ಅನುಕೂಲವೇ ಬೇಕು. ಅದಕ್ಕಾಗಿ ಕೆಳಗಿನ ಕೆಲಸಗಳನ್ನು ಕೈಕೊಂಡರೆ ಒಳ್ಳೆಯದಾಗುವದು.

ಪ್ರತಿ ಊರಿನಲ್ಲಿ ಬೇಸಿಗೆಯಲ್ಲಿಯೇ ದಡ್ಡಿಗಳನ್ನೂ ಮಜರೆಗಳನ್ನೂ ಕೂಡಿಸಿ ದನಗಳ ಪಟ್ಟಿಯನ್ನು ಮಾಡಿ, ಲಸಿಕೆ ಹಾಕುವ ದಿನವನ್ನು ಸಂತೆಯ ದಿನಕ್ಕೆ ಅಡ್ಡ ಬಾರದಂತೆ ಗೊತ್ತುಪಡಿಸಿ ಎಲ್ಲರಿಗೂ ಸಾರಬೇಕು. ಅಂದು ಬೆಳಗ್ಗೆ ದನಗಳನ್ನು ಕಾಡಿಗೆ ಬಿಡದೆ ಕಟ್ಟಿಹಾಕಬೇಕು. ಲಸಿಕೆ ಪಡೆದ ಆಕಳಿನ ಕರುಗಳಿಗೆ ಗಿಣ್ಣದ ಹಾಲಿನಿಂದ ಬಂದ ರಕ್ಷಣೆಯು ಕೆಲವು ತಿಂಗಳಲ್ಲಿ ತೀರುವದರಿಂದ, ಅವುಗಳ ಸರದಿಯನ್ನು ಪಶುವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಊರಿನ ಜಮೀನುದಾರರಲ್ಲಿ ಒಬ್ಬರು, ಇತರ ಕೊಟ್ಟಿಗೆಗಳಿಂದಲೂ ಹಳ್ಳದಿಂದಲೂ ದೂರವಾದ ಒಂದು ಚಪ್ಪರದ ಸ್ಥಳವನ್ನು ರೋಗದ ದನಗಳಿಗಾಗಿ ಬಿಟ್ಟುಕೊಡಬೇಕು. ಅಲ್ಲಿಯ ದನಕ್ಕೆ ಹುಲ್ಲು ನೀರುಗಳ ವೆಚ್ಚವನ್ನು ಉಳ್ಳವರು ಹಂಚಿಕೊಳ್ಳಬೇಕು. ಒಂದು ಬಣವೆಯ ಮೂಲೆಯಷ್ಟು ಹುಲ್ಲಿನಿಂದ ತಮ್ಮ ಕೊಟ್ಟಿಗೆಯ ಎತ್ತುಗಳೇ ಉಳಿಯುವವೆಂದು ತಿಳಿದರೆ ಇದನ್ನು ಧರ್ಮವೆಂದು ಎಣಿಸಬೇಕಾದದ್ದೂ ಇಲ್ಲ. ಹಿಂಡಿಗೆ ಹೊಸದಾಗಿ ಕೊಂಡು ತಂದ ದನವನ್ನು ನಾಲ್ಕು ವಾರ ಬೇರೆ ಕಟ್ಟುವದನ್ನು ದೊಡ್ಡ ಮನೆಗಳವರೇ ಮೊದಲು ಆಚರಿಸಿ ತೋರಿಸಬೇಕು.

ಕೊಟ್ಟಿಗೆಯ ಗಂಜಳ ನಿಲ್ಲದಂತೆಯೂ ತಿಪ್ಪೆಯು ಕೊಟ್ಟಿಗೆಗೆ ತಾಗಿರದಂತೆಯೂ ನೋಡಿಕೊಂಡು, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದರೆ ನೊಣಗಳು ತಗ್ಗುವವು. ಸತ್ತ ದನವನ್ನು ಕಾಡಿನಲ್ಲಾಗಲಿ ಹೊಳೆಯ ದಂಡೆಯಲ್ಲಾಗಲಿ ಎಸೆಯದೆ, ಚರ್ಮ ಸುಲಿಯದೆ, ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಬೇಕು. 2022ರಲ್ಲಿ ಸರಕಾರವು ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತ್ತು. ಇಂಥ ಪರಿಹಾರವು ಯಾವಾಗ ಜಾರಿಯಲ್ಲಿದ್ದರೂ ಪಶುವೈದ್ಯರ ದಾಖಲೆಯಿಲ್ಲದೆ ದೊರೆಯದು. ಮುಚ್ಚಿಟ್ಟವನಿಗೆ ದನವೂ ಇಲ್ಲ, ಹಣವೂ ಇಲ್ಲ. ದೂರದ ಮಜರೆಯವರು 1962 ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುವೈದ್ಯರನ್ನು ಕರೆಸಬಹುದು. ಓದುಬರಹ ಬಾರದವರ ಪರವಾಗಿ ಆ ಕರೆಯನ್ನು ಮಾಡಿಕೊಡುವದು ಊರ ಗೌಡರಿಗೆ ಕಷ್ಟವಾದದ್ದಲ್ಲ.

ವಿಷಾಣುವಿನ ಬಲವು ಅದರ ಗಾತ್ರದಲ್ಲಿಲ್ಲ, ಸುದ್ದಿಯನ್ನು ಕೆಡಿಸುವ ಅದರ ಚಾತುರ್ಯದಲ್ಲಿದೆ. ಆ ಚಾತುರ್ಯವು ದನದ ಮೈಯೊಳಗೆ ನಡೆಯುವದನ್ನು ಲಸಿಕೆಯು ತಡೆಯಬಲ್ಲದು. ಊರಿನೊಳಗೆ ಸುದ್ದಿಯು ನಿಲ್ಲದಂತೆ ನೋಡಿಕೊಳ್ಳುವ ಲಸಿಕೆಯನ್ನು ಯಾವ ಸಂಸ್ಥೆಯೂ ತಯಾರಿಸಿ ಕೊಡಲಾರದು. ಅದು ಊರ ಹಿರಿಯರು ಬಡವನ ಕೊಟ್ಟಿಗೆಯನ್ನು ತಮ್ಮದೆಂದು ಎಣಿಸುವದರಿಂದಲೇ ಆಗಬೇಕು. ಬರುವ ಬೇಸಿಗೆಯಲ್ಲಿ, ಮುಂಗಾರಿನ ಮೋಡ ಕಾಣುವದಕ್ಕೆ ಮೊದಲು, ಪ್ರತಿ ಗ್ರಾಮವೂ ತನ್ನ ದನಗಳ ಪಟ್ಟಿಯನ್ನು ಸಿದ್ಧಪಡಿಸಿಕೊಂಡು ಪಶುವೈದ್ಯರನ್ನು ತಾನಾಗಿ ಕರೆಯುವದೆಂದು ಆಶಿಸಬಹುದಾಗಿದೆ.